ಐದನೇ ಬೂತ್

ಐದನೇ ಬೂತ್ ಬೇಡವೆಂದು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನು ಕೇಳಿದ ಕೆಲವರು ನನ್ನ ಬೆನ್ನು ತಟ್ಟಿದರು, ಕೆಲವರು ನನಗೆ ತಲೆ ಸರಿಯಿಲ್ಲವೆಂದರು. ಇಬ್ಬರಿಗೂ ಈ ಆರಂಭ ಗೊತ್ತಿಲ್ಲ.

ಜಿದ್ದಾದಲ್ಲಿ ನನ್ನ ಕೆಲಸ ಸಭೆಗಳಿಗೆ ಮೈಕು, ಸ್ಪೀಕರು, ಅನುವಾದದ ಸಲಕರಣೆ ಹೂಡುವುದು. ಹಲವು ಭಾಷೆಯವರು ಸೇರುವ ಸಭೆಯಲ್ಲಿ ಹಿಂದಿನ ಗೋಡೆಗೆ ಒತ್ತಿಕೊಂಡು ಗಾಜಿನ ಕಿಟಕಿಯ ಪುಟ್ಟ ಕೋಣೆಗಳಿರುತ್ತವೆ. ಅವೇ ಬೂತ್, ಒಂದೊಂದು ಭಾಷೆಗೆ ಒಂದೊಂದು. ಒಳಗೆ ಕುಳಿತ ದುಭಾಷಿ ಸಭೆಯ ಮಾತನ್ನು ಕಿವಿಯಲ್ಲಿ ಕೇಳುತ್ತಲೇ ಬಾಯಲ್ಲಿ ಬೇರೆ ಭಾಷೆಗೆ ತಿರುಗಿಸುತ್ತಾ ಹೋಗಬೇಕು. ಸಭಿಕರ ಕೈಯಲ್ಲಿ ಅಂಗೈಯಗಲದ ರಿಸೀವರ್, ಕಿವಿಗೆ ಇಯರ್‌ಫೋನ್. ಗುಂಡಿ ತಿರುಗಿಸಿ ಬೇಕಾದ ಚಾನೆಲ್ ಹಿಡಿದರೆ ಬೇಕಾದ ಭಾಷೆ. ಈ ತಂತಿಗಳೆಲ್ಲ ಬಂದು ಸೇರುವುದು ನನ್ನ ಮೇಜಿನ ಮೇಲಿನ ಕನ್ಸೋಲಿಗೆ. ಯಾರ ಮೈಕು ತೆರೆಯಬೇಕು, ಯಾರದ್ದು ಮುಚ್ಚಬೇಕು ಎಂಬುದು ನನ್ನ ಬೆರಳಿನ ಕೆಲಸ.

ಆ ಸಲದ ಸಭೆ ಜಿದ್ದಾದಿಂದ ರಾಬಿಗ್‌ಗೆ ಹೋಗುವ ದಾರಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿ ನಿಂತ ಒಂದು ಹೋಟೆಲಿನಲ್ಲಿ. ಒಂದು ದೇಶ ಪಕ್ಕದ ದೇಶದ ಮೇಲೆ ದಂಡೆತ್ತಿ ಹೋಗಿ, ಅದರ ನೆಲದಲ್ಲಿ ಒಂದು ಪಾಲು ಹಿಡಿದು ಕುಳಿತು ವರ್ಷಗಳಾಗಿದ್ದವು. ಯುದ್ಧ ನಿಲ್ಲಿಸಲು ದೊಡ್ಡವರು ಯಾರೋ ಒಂದು ಶಾಂತಿ ಪ್ರಸ್ತಾವ ಬರೆದಿದ್ದರು. ಹಲವು ದೇಶಗಳ ಸಂಸದರನ್ನು ಕರೆಸಿ, ಎರಡು ದಿನ ಕೂರಿಸಿ, ಕೊನೆಗೆ 'ಎಲ್ಲರೂ ಒಮ್ಮತದಿಂದ ಸ್ವಾಗತಿಸಿದ್ದಾರೆ' ಎಂಬ ಹೇಳಿಕೆ ಹೊರಡಿಸುವುದು ಸಭೆಯ ಉದ್ದೇಶ. ನಡೆಸುವವರು ಹೊರದೇಶದ ಒಂದು ಖಾಸಗಿ ಸಂಸ್ಥೆ. ದಾಳಿ ಮಾಡಿದ ದೇಶದವರೂ ಬರುವವರಿದ್ದರು, ದಾಳಿಗೊಳಗಾದ ದೇಶದಿಂದ ಐವರು ಸಂಸದರೂ ಬರುವವರಿದ್ದರು. ದೇಶಗಳ ಹೆಸರು ಬರೆಯುವುದಿಲ್ಲ. ಹೆಸರು ಹೇಳುವುದಿಲ್ಲವೆಂದು ನಾನು ಕಾಗದಕ್ಕೆ ಸಹಿ ಹಾಕಿದ್ದೇನೆ. ಕಥೆ ಹೇಳುವುದಿಲ್ಲವೆಂದು ಹಾಕಿಲ್ಲ.

ಕರಾರಿನಲ್ಲಿ ಐದು ಭಾಷೆ ಇತ್ತು: ಇಂಗ್ಲಿಷ್, ಅರಬ್ಬಿ, ಫ್ರೆಂಚ್, ದಾಳಿ ಮಾಡಿದವರದ್ದು, ದಾಳಿಗೊಳಗಾದವರದ್ದು. ಆದರೆ ಸಭಾಂಗಣದ ಹಿಂದಿನ ಗೋಡೆಯಲ್ಲಿ ನಾಲ್ಕು ಬೂತಿಗೆ ಜಾಗ. ಐದನೆಯದನ್ನು ಇಟ್ಟರೆ ಬೆಂಕಿ ಬಿದ್ದಾಗ ಓಡುವ ಬಾಗಿಲು ಮುಚ್ಚುತ್ತಿತ್ತು. ಇದನ್ನು ಹೇಳಲು ಸಭೆಯ ಸಂಯೋಜಕನಿಗೆ ಫೋನ್ ಮಾಡಿದೆ. ಎರಡು ಫೋನುಗಳಲ್ಲಿ ಒಟ್ಟಿಗೆ ಮಾತಾಡುವ ಚುರುಕಿನ ಮನುಷ್ಯ ಅವನು.

"ಹಬೀಬಿ, ಆ ಐದು ಜನಕ್ಕೆ ಬೇರೆ ಬೂತ್ ಯಾಕೆ?" ಎಂದ. "ಪಕ್ಕದ ದೇಶದ ಭಾಷೆ ಅವರಿಗೆಲ್ಲ ಚೆನ್ನಾಗಿ ಗೊತ್ತು. ಅದನ್ನೇ ಕೇಳಲಿ. ನಿನಗೇನಾದರೂ ತೊಂದರೆ ಇದೆಯಾ?"

ತೊಂದರೆ ಇಲ್ಲವೆಂದು ಬರೆದು ಮೇಲ್ ಕಳಿಸಿದೆ. ನಿಜಕ್ಕೂ ನನಗೆ ತೊಂದರೆ ಕಾಣಲಿಲ್ಲ. ನಾನು ಬೆಳೆದದ್ದು ಮಂಗಳೂರಿನ ಬಂದರಿನ ಹತ್ತಿರ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೀನಿನ ದಕ್ಕೆಯಲ್ಲಿ ಬ್ಯಾರಿ. ಎದುರಿಗೆ ಬಂದವನ ಭಾಷೆ ಯಾವುದೋ ನಮ್ಮ ನಾಲಿಗೆ ತಾನಾಗಿ ಆ ಕಡೆ ಹೊರಳುತ್ತದೆ. ನಮ್ಮ ಕಡೆ ಅದೊಂದು ಮರ್ಯಾದೆ. ಹೊರಳದವನನ್ನು ಅಹಂಕಾರಿ ಎನ್ನುತ್ತೇವೆ. ಸೌದಿಗೆ ಬಂದ ಮೇಲೆ ಅರಬ್ಬಿ, ಹಿಂದಿ, ಮಲಯಾಳಂ ಕೂಡ ಸೇರಿ ನನ್ನ ನಾಲಿಗೆಗೆ ಮೂಳೆಯೇ ಇಲ್ಲದ ಹಾಗಾಗಿತ್ತು. ಇದರ ಬಗ್ಗೆ ನನಗೆ ಜಂಬವೂ ಇತ್ತು.

ನನ್ನ ಜೊತೆ ಕೇಬಲ್ ಎಳೆಯುವವನು ಪುತ್ತೂರಿನ ಬ್ಯಾರಿ, ಇಬ್ಬರು ಮಕ್ಕಳ ತಂದೆ. ನಮ್ಮೂರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎನ್ನುತ್ತಾನೆ. ಲಾರಿಗೆ ಸಾಮಾನು ಏರಿಸುವಾಗ ಪಟ್ಟಿ ನೋಡಿ ನಿಂತ.

"ಪೊರ್ಬುಗಳೇ, ಕಾಗದದಲ್ಲಿ ಐದು ಬೂತ್ ಉಂಟಲ್ಲ?"

"ನಾಲ್ಕು ಸಾಕು. ಅವರಿಗೆ ಆಚೆಯವರ ಭಾಷೆ ಬರ್ತದಂತೆ."

"ಅವರನ್ನು ಕೇಳಿದ್ರಾ?"

"ಅವರನ್ನು ಎಂತ ಕೇಳುದು ಮಾರಾಯ? ನೀನು ಬೂತಿನ ಪ್ಯಾನೆಲ್ ಏರಿಸು."

ಮೊದಲ ದಿನ ಬೆಳಗ್ಗೆ ಬಾಗಿಲ ಬಳಿ ಮೇಜು ಹಾಕಿ ರಿಸೀವರ್ ಹಂಚಲು ಕುಳಿತೆ. ಸಭಿಕರು ತಮ್ಮ ಕೊರಳಿನ ಬ್ಯಾಡ್ಜ್ ಕೊಡಬೇಕು, ರಿಸೀವರ್ ಒಯ್ಯಬೇಕು. ಸಂಜೆ ರಿಸೀವರ್ ಮರಳಿಸಿ ಬ್ಯಾಡ್ಜ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅವು ಜನರ ಜೇಬಿನಲ್ಲಿ ದೇಶ ಸುತ್ತಲು ಹೊರಡುತ್ತವೆ. ಆ ಐವರು ಒಟ್ಟಿಗೆ ಬಂದರು. ಮುಂದೆ ಇದ್ದವರು ಅರುವತ್ತರ ಹತ್ತಿರದ ಹೆಂಗಸು. ಬೂದು ಬಣ್ಣದ ಕೋಟು, ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟ ಕನ್ನಡಕ. ಅವರ ಹಿಂದೆ ನಾಲ್ವರು ಗಂಡಸರು, ಜೊತೆಗೆ ಅವರೇ ಕರೆತಂದ ಒಬ್ಬ ದುಭಾಷಿ ಮಹಿಳೆ.

"ನಮ್ಮದು ಎಷ್ಟನೇ ಚಾನೆಲ್?" ಎಂದು ಸಂಸದೆ ತಡೆತಡೆದು ಇಂಗ್ಲಿಷಿನಲ್ಲಿ ಕೇಳಿದರು.

"ನಾಲ್ಕು."

"ಅದು ಯಾವ ಭಾಷೆ?"

ಹೇಳಿದೆ. ಅವರು ರಿಸೀವರನ್ನು ನನ್ನ ಮೇಜಿನ ಮೇಲೆ ವಾಪಸು ಇಟ್ಟರು. ಸಿಟ್ಟಿನಿಂದ ಕುಕ್ಕಲಿಲ್ಲ, ಮೆಲ್ಲಗೆ ಇಟ್ಟರು. ಹಿಂದಿನ ನಾಲ್ವರೂ ಒಬ್ಬೊಬ್ಬರಾಗಿ ಅದರ ಪಕ್ಕದಲ್ಲಿಟ್ಟರು. ಐದು ರಿಸೀವರ್ ಸಾಲಾಗಿ ನನ್ನೆದುರು ಕುಳಿತವು.

"ಮೇಡಂ, ನಿಮಗೆ ಆ ಭಾಷೆ ಚೆನ್ನಾಗಿ ಬರುತ್ತದೆ ಎಂದರು."

"ಬರುತ್ತದೆ. ನನ್ನ ಅತ್ತೆ ಆ ಭಾಷೆಯವರು. ಆದರೆ ನನ್ನ ಊರನ್ನು ಬಿಟ್ಟುಕೊಡಿ ಎನ್ನುವ ಕಾಗದವನ್ನು ನಾನು ಆ ಭಾಷೆಯಲ್ಲಿ ಕೇಳುವುದಿಲ್ಲ."

ನನಗೆ ಸುಮ್ಮನಿರಲು ಬರುವುದಿಲ್ಲ. ನಮ್ಮೂರಲ್ಲಿ ನಾವೆಲ್ಲ ನಾಲ್ಕೈದು ಭಾಷೆ ಆಡುತ್ತೇವೆ ಮೇಡಂ, ಎದುರಿನವರ ಭಾಷೆಗೆ ಹೊರಳುವುದು ನಮಗೆ ದೊಡ್ಡ ವಿಷಯವಲ್ಲ ಎಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ನಕ್ಕಿರಲೂಬೇಕು.

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ನಿಮ್ಮೂರಿಗೆ ಆ ಭಾಷೆಯವರು ಬಾಗಿಲು ತಟ್ಟಿ ಬಂದರೋ, ಒಡೆದು ಬಂದರೋ?"

ಅವರು ಒಳಗೆ ಹೋದರು. ಬಂದರಿನ ಭಾಷೆಗಳು ವ್ಯಾಪಾರಕ್ಕೆ ಬಂದವು, ಮದುವೆಗೆ ಬಂದವು, ಹಸಿವಿಗೆ ಬಂದವು. ಟ್ಯಾಂಕಿನ ಮೇಲೆ ಕುಳಿತು ನನ್ನ ಅಂಗಳಕ್ಕೆ ಬಂದ ಭಾಷೆಯನ್ನು ನಾನು ಒಂದು ದಿನವೂ ಆಡಿದವನಲ್ಲ. ಇಷ್ಟು ಸಣ್ಣ ಸಂಗತಿ ಐವತ್ತು ದಾಟಿದ ತಲೆಗೆ ಹೊಳೆದಿರಲಿಲ್ಲ.

ಕಲಾಪ ಶುರುವಾಯಿತು. ಐವರೂ ಬರಿಗಿವಿಯಲ್ಲಿ ಕುಳಿತರು. ಅವರ ದುಭಾಷಿ ಹಿಂದೆ ಕುರ್ಚಿ ಎಳೆದುಕೊಂಡು ಬಗ್ಗಿ ಪಿಸುಮಾತಿನಲ್ಲಿ ಹೇಳತೊಡಗಿದಳು. ಒಬ್ಬಳ ಪಿಸುಮಾತು ಐವರಿಗೆ ಮುಟ್ಟಬೇಕೆಂದರೆ ಅದು ಪಿಸುಮಾತಾಗಿ ಉಳಿಯುವುದಿಲ್ಲ. ಪಕ್ಕದವರು ಗೊಣಗಿದರು. ಸಂಯೋಜಕ ಬಂದು ನನ್ನ ಬೆನ್ನ ಹಿಂದೆ ನಿಂತ.

ನಮ್ಮ ವ್ಯವಸ್ಥೆಯಲ್ಲಿ ಪ್ರತಿ ಕುರ್ಚಿಯೆದುರು ನಂಬರಿನ ಮೈಕು. ಮಾತಾಡಬೇಕಾದವರು ಗುಂಡಿ ಒತ್ತಿದರೆ ನನ್ನ ಪರದೆಯಲ್ಲಿ ಆ ನಂಬರು ಹಸಿರಾಗಿ ಮಿಣುಕುತ್ತದೆ. ನಾನು ತೆರೆದರೆ ಮೈಕಿನಲ್ಲಿ ಕೆಂಪು ದೀಪ ಬಂದು ಮಾತು ಹೊರಡುತ್ತದೆ. ಐವರದ್ದು ಇಪ್ಪತ್ತೊಂದರಿಂದ ಇಪ್ಪತ್ತೈದು.

"ಇಪ್ಪತ್ತೊಂದರಿಂದ ಇಪ್ಪತ್ತೈದು ತೆರೆಯಬೇಡ," ಎಂದ ಸಂಯೋಜಕ ಕಿವಿಯ ಹತ್ತಿರ. "ಅವರು ಹೇಗೂ ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಅದನ್ನು ತಿರುಗಿಸಲು ಬೂತ್ ಇಲ್ಲ. ಯಾರಿಗೂ ಅರ್ಥವಾಗುವುದಿಲ್ಲ. ಸುಮ್ಮನೆ ಗಲಾಟೆ."

ಬೂತ್ ಇಲ್ಲದಂತೆ ಮಾಡಿದವನೂ ಅವನೇ, ಬೂತ್ ಇಲ್ಲವೆಂದು ಬಾಯಿ ಮುಚ್ಚಿಸುವವನೂ ಅವನೇ. ನಡುವೆ ಒಪ್ಪಿಗೆ ಬರೆದುಕೊಟ್ಟ ಬೃಹಸ್ಪತಿ ನಾನು. ಇಪ್ಪತ್ತೊಂದು ಮಿಣುಕತೊಡಗಿತು. ಬೇರೆಯವರ ಮೈಕು ತೆರೆದೆ, ಮುಚ್ಚಿದೆ. ಒಬ್ಬೊಬ್ಬರು ಎದ್ದು ಈ ಪ್ರಸ್ತಾವ ಎಷ್ಟು ಸಮತೋಲನದ್ದೆಂದು ಹೊಗಳಿದರು. ಇಪ್ಪತ್ತೊಂದು ಮಿಣುಕುತ್ತಲೇ ಇತ್ತು. ಕಲಾಪ ಮುಗಿಯುವವರೆಗೂ ಮಿಣುಕಿತು. ನಾನು ತೆರೆಯಲಿಲ್ಲ.

ಸಂಜೆ ಆ ಸಂಸದೆ ಬ್ಯಾಡ್ಜ್ ಕೇಳಲು ಬರಬೇಕಿರಲಿಲ್ಲ, ಅವರದ್ದು ಕೊರಳಲ್ಲೇ ಇತ್ತು. ಆದರೂ ನನ್ನ ಕನ್ಸೋಲಿನ ಹತ್ತಿರ ಬಂದರು.

"ನನ್ನ ದೀಪ ನಿಮಗೆ ಕಾಣುತ್ತಿತ್ತೇ?"

ಯಂತ್ರ ಕೈಕೊಟ್ಟಿತೆಂದು ಹೇಳಬಹುದಿತ್ತು. ನಮ್ಮ ಕಸುಬಿನಲ್ಲಿ ಎಲ್ಲ ಪಾಪವನ್ನೂ ಕೇಬಲ್ಲಿನ ತಲೆಗೆ ಕಟ್ಟುವ ಪದ್ಧತಿ ಉಂಟು. ಏಕೋ ಬಾಯಿ ಬರಲಿಲ್ಲ.

"ಕಾಣುತ್ತಿತ್ತು," ಎಂದೆ.

"ಸರಿ," ಎಂದು ತಲೆಯಾಡಿಸಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ವ್ಯಾನಿನಲ್ಲಿ ಜಿದ್ದಾಕ್ಕೆ ಮರಳುವಾಗ ಪುತ್ತೂರಿನವನು ರೇಡಿಯೋ ಬಂದ್ ಮಾಡಿದ. ನನ್ನ ಮುಖ ಅಷ್ಟು ಕೆಟ್ಟಿದ್ದಿರಬೇಕು.

"ಗೋದಾಮಿನಲ್ಲಿ ಒಂದು ಬೂತ್ ಉಳಿದದ್ದು ಉಂಟಲ್ಲ?" ಎಂದೆ.

"ಉಂಟು. ಗಾಜು ಬಿರುಕು ಬಿಟ್ಟಿದೆ. ಫ್ಯಾನ್ ಬಡಿದುಕೊಳ್ತದೆ. ಯಾಕೆ?"

"ನಾಳೆ ಬೆಳಗ್ಗೆ ಎಲ್ಲರನ್ನೂ ದೋಣಿಯಲ್ಲಿ ಸುತ್ತಿಸ್ತಾರೆ. ಕೊನೆಯ ಕಲಾಪ ಸಂಜೆ ಅಸರ್ ನಮಾಜಿನ ನಂತರ. ಅಷ್ಟರಲ್ಲಿ ಎಬ್ಬಿಸಬಹುದು."

"ನಿಮ್ಮ ಇಕಾಮಾ ಮುಂದಿನ ತಿಂಗಳು ಮುಗಿಯುದಲ್ವಾ ಪೊರ್ಬುಗಳೇ?"

ಹೌದು. ಈ ದೇಶದಲ್ಲಿ ನನ್ನನ್ನು ಇರಗೊಡುವ ಆ ಕಾರ್ಡನ್ನು ಕಂಪನಿಯ ಮಾಲೀಕ, ನನ್ನ ಕಫೀಲ್, ನವೀಕರಿಸಬೇಕು. ಅವರು ಬೇಡವೆಂದರೆ ನಾನು ಗಂಟುಮೂಟೆ ಕಟ್ಟಬೇಕು. ನನ್ನ ಮಗಳು ಇಲ್ಲಿನ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೇ ತರಗತಿ. ವರ್ಷದ ನಡುವೆ ಅವಳನ್ನು ಕಿತ್ತು ಎಲ್ಲಿಗೆ ಒಯ್ಯಲಿ?

"ಕರಾರಿನಲ್ಲಿ ಐದು ಉಂಟು," ಎಂದೆ. "ನಾನು ಕರಾರು ಪಾಲಿಸ್ತೇನೆ ಅಷ್ಟೆ."

"ಹಾಗಾದ್ರೆ ನಾನೂ ಬರ್ತೇನೆ. ನೀವೊಬ್ಬರೇ ಆ ಪ್ಯಾನೆಲ್ ಎತ್ತಿದ್ರೆ ಬೂತಿಗಿಂತ ಮೊದಲು ಆಂಬುಲೆನ್ಸ್ ತರ್ಸಬೇಕು."

ಮರುದಿನ ದೋಣಿ ಹೊರಡುವ ಮೊದಲೇ ಹೋಟೆಲಿನ ಪಡಸಾಲೆಯಲ್ಲಿ ಆ ಐವರ ದುಭಾಷಿಯನ್ನು ಹುಡುಕಿ ಮಾತಾಡಿದೆ. ಬೂತ್ ಕೊಟ್ಟರೆ ಕೂರುತ್ತೀರಾ ಎಂದೆ. ಅವಳಿಗೆ ನಂಬಿಕೆ ಬರಲು ಎರಡು ಸಲ ಹೇಳಬೇಕಾಯಿತು. ಬೂತಿನಲ್ಲಿ ಇಬ್ಬರಿದ್ದು ಅರ್ಧರ್ಧ ಗಂಟೆಗೆ ಸರದಿ ಬದಲಾಯಿಸುವುದು ಕ್ರಮ. ಅದಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಮಾಡಿದರೆ ಮಾತು ಕಲಸುತ್ತದೆ. ಅವಳು ಒಬ್ಬಳೇ ಎರಡು ಗಂಟೆ ನಡೆಸಬೇಕಿತ್ತು.

"ನಡೆಸುತ್ತೇನೆ," ಎಂದಳು. "ಕಿರುಗುಟ್ಟದ ಕುರ್ಚಿ ಕೊಡಿ. ಬಿಸಿನೀರು ಕೊಡಿ. ಸಾಕು."

ಬೂತಿನ ಗೋಡೆಗಳನ್ನು ಒಳಗೆ ತಂದು ಜೋಡಿಸಲು ತೊಡಗಿದೆವು. ಹೋಟೆಲಿನ ಸುರಕ್ಷತಾ ಅಧಿಕಾರಿ ಅಳತೆಪಟ್ಟಿ ಹಿಡಿದು ಓಡಿಬಂದ. ಬಾಗಿಲ ಮುಂದೆ ಒಂದು ಇಂಚೂ ಬರಕೂಡದು ಎಂದ. ಅವನ ಮಾತು ನ್ಯಾಯವೇ. ಎಲ್ಲಿ ಅಳೆದರೂ ಬೂತ್ ಹಿಡಿಸಲಿಲ್ಲ. ಪುತ್ತೂರಿನವನು ಅಂಗಿಯ ತೋಳಿನಿಂದ ಬೆವರು ಒರೆಸಿಕೊಳ್ಳುತ್ತಾ ಸುತ್ತ ನೋಡಿ ನನ್ನ ಕನ್ಸೋಲಿನ ಮೇಜನ್ನು ತೋರಿಸಿದ.

"ಇಷ್ಟು ಜಾಗ ಒಬ್ಬರೇ ಹಿಡ್ಕೊಂಡು ಕೂತಿದ್ದೀರಲ್ಲ ಮಾರಾಯ್ರೇ!"

ನಿಜ. ನಾಲ್ಕನೇ ಬೂತಿನ ಪಕ್ಕದಲ್ಲಿ, ಎಲ್ಲರೂ ಕಾಣುವ ಒಳ್ಳೆಯ ಜಾಗದಲ್ಲಿ ನನ್ನ ಮೇಜು ಇತ್ತು. ಅದನ್ನು ಎಳೆದು ಮೂಲೆಯ ಕಂಬದ ಹಿಂದೆ ಹಾಕಿದೆವು. ಕಂಬಕ್ಕೂ ಗೋಡೆಗೂ ನಡುವೆ ಒಂದೇ ಕುರ್ಚಿಯ ಜಾಗ. ಅಲ್ಲಿಂದ ವೇದಿಕೆ ಅರ್ಧ ಮಾತ್ರ ಕಾಣುತ್ತಿತ್ತು, ಆದರೆ ಪರದೆಯಲ್ಲಿ ನಂಬರುಗಳೆಲ್ಲ ಕಾಣುತ್ತಿದ್ದವು. ನನ್ನ ಹಳೇ ಜಾಗದಲ್ಲಿ ಬೂತ್ ನಿಂತಿತು. ಗಾಜಿನ ಬಿರುಕಿಗೆ ಪಾರದರ್ಶಕ ಟೇಪು. ಫ್ಯಾನ್ ಬಡಿದುಕೊಳ್ಳುವುದಕ್ಕೆ ರಟ್ಟಿನ ಚೂರು ಮಡಚಿ ತುರುಕಿದೆವು. ಟ್ರಾನ್ಸ್‌ಮಿಟರಿನಲ್ಲಿ ಐದನೇ ಚಾನೆಲ್ಲಿಗೆ ಮನೆ ಖಾಲಿ ಇತ್ತು. ಅದಕ್ಕೆ ಹಾಕುವ ಕಾರ್ಡ್ ಮೊದಲ ಸಲ ಕುಳಿತುಕೊಳ್ಳಲಿಲ್ಲ, ತುದಿಯನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಹಾಕಿದೆ, ಕುಳಿತಿತು.

ದುಭಾಷಿ ಒಳಗೆ ಹೋಗಿ ತನ್ನ ಭಾಷೆಯಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿದಳು. ಪುತ್ತೂರಿನವನು ರಿಸೀವರ್ ಕಿವಿಗಿಟ್ಟು ಸಭಾಂಗಣದ ಉದ್ದಗಲ ನಡೆದ.

"ಎಂತ ಹೇಳ್ತಾರೋ ಗೊತ್ತಿಲ್ಲ ಪೊರ್ಬುಗಳೇ. ಆದ್ರೆ ಮೂಲೆಮೂಲೆಗೆ ಬರ್ತಾ ಉಂಟು."

ಮೇಜುಗಳ ಮೇಲೆ ಚಾನೆಲ್‌ಗಳ ಪಟ್ಟಿಯ ಅಚ್ಚುಹಾಕಿದ ಕಾರ್ಡುಗಳಿದ್ದವು. ನಾಲ್ಕಕ್ಕೇ ಮುಗಿದಿದ್ದವು. ದುಭಾಷಿ ಪೆನ್ನು ತೆಗೆದುಕೊಂಡು ಪ್ರತಿ ಕಾರ್ಡಿನಲ್ಲೂ 'ಐದು' ಎಂದು ಸೇರಿಸಿ ತನ್ನ ಭಾಷೆಯ ಹೆಸರು ಬರೆದಳು. ಒಂದನ್ನೂ ಬಿಡಲಿಲ್ಲ, ದಾಳಿ ಮಾಡಿದ ದೇಶದವರ ಮೇಜನ್ನೂ ಬಿಡಲಿಲ್ಲ.

ಆಮೇಲೆ ಸಂಯೋಜಕನಿಗೆ ಮೇಲ್ ಬರೆದೆ: ಐದನೇ ಬೂತ್ ಬೇಡವೆಂದು ನಾನು ಒಪ್ಪಿದ್ದು ನನ್ನ ತಪ್ಪು, ಕರಾರಿನಂತೆ ಅದನ್ನು ಅಳವಡಿಸಿದ್ದೇನೆ. ಅವನು ಆಗ ಕೆಂಪು ಸಮುದ್ರದ ನಡುವೆ ಅತಿಥಿಗಳಿಗೆ ಹವಳದ ದಿಬ್ಬ ತೋರಿಸುತ್ತಿದ್ದ. ಅಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

ಬಂದವನು ಬೂತ್ ನೋಡಿ ಕೆಂಪಾದ. "ಇದೇನಿದು?"

"ಕರಾರಿನಲ್ಲಿ ಇರುವುದು."

ಸಭಿಕರು ಆಗಲೇ ಒಳಗೆ ಬರುತ್ತಿದ್ದರು. ಐವರೂ ಬಾಗಿಲ ಬಳಿಯ ಮೇಜಿಗೆ ಬಂದು ಬ್ಯಾಡ್ಜ್ ಬಿಚ್ಚಿಕೊಟ್ಟು ರಿಸೀವರ್ ತೆಗೆದುಕೊಂಡರು. ಜನರ ಎದುರು ಸಂಯೋಜಕ ಏನು ಮಾಡಿಯಾನು? ನಾನು ಕನ್ಸೋಲಿಗೆ ಹೋಗಿ ಕುಳಿತಾಗ ಬೆನ್ನ ಹಿಂದೆ ನಿಲ್ಲಲು ಬಂದ, ಕಂಬದ ಸಂದಿಯಲ್ಲಿ ಜಾಗವಿರಲಿಲ್ಲ. "ಕೇಳಲಿ ಬೇಕಾದರೆ. ಆದರೆ ಇಪ್ಪತ್ತೊಂದರಿಂದ ಇಪ್ಪತ್ತೈದು ಇವತ್ತೂ ಮುಚ್ಚಿರಬೇಕು. ತೆರೆದರೆ ನಿನ್ನ ಕೆಲಸ ಖಲಾಸ್!" ಎಂದು ಬೆರಳು ತೋರಿಸಿ ವೇದಿಕೆಯ ಬಳಿಗೆ ಹೋದ.

ಬೂತ್ ಹಾಕಿದ್ದಕ್ಕೆ ನನ್ನ ಬಳಿ ಕಾಗದದ ಬಲವಿತ್ತು. ಮೈಕಿಗೆ ಇರಲಿಲ್ಲ. ಯಾರ ಮೈಕು ತೆರೆಯಬೇಕೆಂಬುದು ಸಭೆ ನಡೆಸುವವರ ಹಕ್ಕು, ಅವರು ಹೇಳಿದಂತೆ ಮಾಡುವುದು ನಮ್ಮ ಕಸುಬಿನ ಮೊದಲ ಪಾಠ. ಇಷ್ಟು ವರ್ಷ ನಾನು ಆ ಪಾಠ ಮೀರಿದವನಲ್ಲ.

ಸಭೆಯ ಅಧ್ಯಕ್ಷ ಮೂರನೆಯ ದೇಶವೊಂದರ ನಿವೃತ್ತ ರಾಯಭಾರಿ. ಜಂಟಿ ಹೇಳಿಕೆ ಓದತೊಡಗಿದರು. "ಇಲ್ಲಿ ಸೇರಿದ ಎಲ್ಲ ದೇಶಗಳ ಸಂಸದರು ಒಮ್ಮತದಿಂದ..." ಎನ್ನುವಾಗ ಇಪ್ಪತ್ತೊಂದು ಮಿಣುಕಿತು. ಇಪ್ಪತ್ತೆರಡು ಮಿಣುಕಿತು. ಇಪ್ಪತ್ತೈದರ ತನಕ ಒಂದು ಸಾಲೇ ಮಿಣುಕಿತು. ಅಧ್ಯಕ್ಷರು ತಲೆಯೆತ್ತದೆ ಓದುತ್ತಿದ್ದರು. ಛಾಯಾಗ್ರಾಹಕ ಸ್ಟೂಲು ಹತ್ತಿ ನಿಂತಿದ್ದ. ಓದಿ ಮುಗಿದರೆ ಚಪ್ಪಾಳೆ, ಚಪ್ಪಾಳೆಯ ಮೇಲೆ ಫೋಟೋ, ಫೋಟೋದಲ್ಲಿ ಈ ಐವರೂ. ನಾಳೆ ಅವರ ದೇಶದ ಪತ್ರಿಕೆಗಳಲ್ಲಿ ಅವರೇ ತಮ್ಮ ಊರು ಬಿಟ್ಟುಕೊಟ್ಟವರು.

ಮಗಳ ನೆನಪಾಯಿತು. ಕಾಣುತ್ತಿತ್ತೇ ಎಂದು ಕೇಳಿದ ದನಿಯೂ ನೆನಪಾಯಿತು. ಇವತ್ತೂ ಕಾಣುತ್ತಿತ್ತು ಎಂದು ಹೇಳಲು ನನ್ನಿಂದಾಗದು. ಅಧ್ಯಕ್ಷರು ಪುಟ ತಿರುವಲು ನಿಂತರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಇಪ್ಪತ್ತೊಂದನ್ನು ತೆರೆದೆ.

ಕೆಂಪು ದೀಪ ಕಂಡೊಡನೆ ಸಂಸದೆ ಎದ್ದು ನಿಂತು ತಮ್ಮ ಭಾಷೆಯಲ್ಲಿ ಶುರು ಮಾಡಿದರು. ಐದನೇ ಬೂತಿನಲ್ಲಿ ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಉಳಿದ ಬೂತುಗಳು ಆ ಇಂಗ್ಲಿಷನ್ನು ಹಿಡಿದು ತಮ್ಮ ತಮ್ಮ ಭಾಷೆಗೆ ಸಾಗಿಸಿದವು. ಇಡೀ ಸಭಾಂಗಣ ಕಿವಿಗೆ ಕೈ ಒತ್ತಿಕೊಂಡು ಕೇಳತೊಡಗಿತು.

"ಒಮ್ಮತ ಎಂದಿರಿ. ನಮ್ಮನ್ನು ಯಾರೂ ಕೇಳಿಲ್ಲ," ಎಂದರು ಅವರು.

ಅಧ್ಯಕ್ಷರ ಮೈಕಿನಲ್ಲಿ ಒಂದು ವಿಶೇಷ ಗುಂಡಿ ಉಂಟು. ಅದನ್ನು ಒತ್ತಿದರೆ ಉಳಿದ ಮೈಕುಗಳೆಲ್ಲ ಮೂಕ. ಅವರು ಒತ್ತಿದರು, ಸಂಸದೆಯ ಮಾತು ನಿಂತಿತು. ಆದರೆ ಆ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಅಷ್ಟೂ ಹೊತ್ತು ಅಧ್ಯಕ್ಷರ ಸ್ವಂತ ಮೈಕು ತೆರೆದಿರುತ್ತದೆ. ಮೊದಲ ದಿನವೇ ಇದನ್ನು ವಿವರಿಸಲು ಹೋಗಿದ್ದೆ, ಅವರಿಗೆ ಪುರುಸೊತ್ತಿರಲಿಲ್ಲ. ಗುಂಡಿ ಹಿಡಿದೇ ಸಂಯೋಜಕನ ಕಡೆ ಬಗ್ಗಿ, "ಈ ಹೆಂಗಸನ್ನು ಹೇಗಾದರೂ ಕೂರಿಸಯ್ಯಾ, ಫೋಟೋಗೆ ಹೊತ್ತಾಯಿತು," ಎಂದರು.

ದುಭಾಷಿಗಳು ಕಿವಿಗೆ ಬಿದ್ದದ್ದನ್ನೆಲ್ಲ ತಿರುಗಿಸುವವರು. ಆ ಮಾತು ಸಭಾಂಗಣಕ್ಕೆಲ್ಲ ಐದು ಭಾಷೆಗಳಲ್ಲಿ ಹೋಯಿತು. ಯಾರೋ ಹಿಂದಿನ ಸಾಲಿನಲ್ಲಿ ಜೋರಾಗಿ ನಕ್ಕರು. ಅಧ್ಯಕ್ಷರು ಕಾದ ಕಾವಲಿ ಮುಟ್ಟಿದವರ ಹಾಗೆ ಬೆರಳು ಎತ್ತಿಕೊಂಡರು. ಮತ್ತೆ ಒತ್ತುವ ಧೈರ್ಯ ಅವರಿಗೆ ಬರಲಿಲ್ಲ. ಇಪ್ಪತ್ತೊಂದರ ಕೆಂಪು ದೀಪ ಮರಳಿ ಬಂತು.

"ನಾನು ಕೂರುವುದಿಲ್ಲ," ಎಂದರು ಸಂಸದೆ. "ನಾನು ಆಯ್ಕೆಯಾದ ಊರಿಗೆ ನಾನು ಹೋಗಲಾರೆ. ನನಗೆ ಓಟು ಹಾಕಿದವರಲ್ಲಿ ಕೆಲವರು ಮಣ್ಣಿನಡಿ ಇದ್ದಾರೆ, ಕೆಲವರು ಬೇರೆಯವರ ಬಾವುಟದಡಿ ಇದ್ದಾರೆ. ಈ ಪ್ರಸ್ತಾವ ಹಿಡಿದವನಿಗೆ ಹಿಡಿದ ನೆಲ ಎನ್ನುತ್ತದೆ. ನಮ್ಮ ಸೈನ್ಯ ಚಿಕ್ಕದು ಮಾಡಿ ಎನ್ನುತ್ತದೆ, ಅವರ ಸೈನ್ಯದ ಬಗ್ಗೆ ಒಂದು ಮಾತಿಲ್ಲ. ಕೊಂದವರ ಮೇಲೆ ಮೊಕದ್ದಮೆ ಹೂಡಬೇಡಿ ಎನ್ನುತ್ತದೆ. ಬಾಗಿಲು ಒಡೆದವನಿಗೆ ನಡುಮನೆ ಕೊಟ್ಟು, ನಾವು ಅಡುಗೆಮನೆಯ ಬೀಗವನ್ನೂ ತೆಗೆದಿಡಬೇಕಂತೆ. ನಮಗೂ ಶಾಂತಿ ಬೇಕು. ಸಾಯುತ್ತಿರುವವರು ನಮ್ಮ ಮಕ್ಕಳು, ನಿಮಗಿಂತ ಮೊದಲು ನಮಗೆ ಬೇಕು. ಆದರೆ ಆ ಊರನ್ನು ಕೊಡುವ ಅಧಿಕಾರ ಊರಿನವರು ನನಗೆ ಕೊಟ್ಟಿಲ್ಲ. ನಮ್ಮ ಸಂಸತ್ತು ಇದಕ್ಕೆ ಒಪ್ಪಿಲ್ಲ. ನಿಮ್ಮ ಒಮ್ಮತದಲ್ಲಿ ನಮ್ಮನ್ನು ಸೇರಿಸಬೇಡಿ."

ಇಪ್ಪತ್ತೆರಡನ್ನು ತೆರೆದೆ. ಆ ಸಂಸದ ತನ್ನ ಕ್ಷೇತ್ರದ ಹೆಸರು ಹೇಳಿ, "ಒಪ್ಪುವುದಿಲ್ಲ," ಎಂದು ಕುಳಿತ. ಇಪ್ಪತ್ತಮೂರು. ಇಪ್ಪತ್ತನಾಲ್ಕು. ಇಪ್ಪತ್ತೈದು. ಪ್ರತಿಯೊಬ್ಬರೂ ಕ್ಷೇತ್ರದ ಹೆಸರು, ಒಂದು ಮಾತು. ಬೂತಿನೊಳಗೆ ದುಭಾಷಿಯ ದನಿ ಗೊಗ್ಗರಾಗಿತ್ತು, ಆದರೆ ನಿಲ್ಲಲಿಲ್ಲ. ಸಂಯೋಜಕ ಜನರನ್ನು ದಾಟಿಕೊಂಡು ನನ್ನ ಕಡೆ ಬರುತ್ತಿದ್ದ. ಕಂಬದ ಸಂದಿಗೆ ಅಡ್ಡವಾಗಿ ಪುತ್ತೂರಿನವನು ಖಾಲಿ ಪೆಟ್ಟಿಗೆಯೊಂದನ್ನು ಎಳೆದಿಟ್ಟು ಅದರ ಮೇಲೆ ಕುಳಿತು ಕೇಬಲ್ ಸುತ್ತತೊಡಗಿದ. ಅಷ್ಟು ನಿಧಾನವಾಗಿ ಅವನು ಕೇಬಲ್ ಸುತ್ತಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ.

ಆಮೇಲೆ ಏಳು ಮಿಣುಕಿತು. ಅದೊಂದು ಪುಟ್ಟ ದ್ವೀಪದೇಶದ ಸಂಸದ, ನಿನ್ನೆ ಪ್ರಸ್ತಾವವನ್ನು ಹೊಗಳಿದವನೇ. "ಇವರು ಒಪ್ಪಿದ್ದಾರೆಂದು ನಮಗೆ ಹೇಳಿದ್ದರು. ಹಾಗಿಲ್ಲದಿದ್ದರೆ ನನ್ನ ಹೆಸರೂ ಬೇಡ," ಎಂದ. ಹನ್ನೆರಡು ಮಿಣುಕಿತು. ಮೂವತ್ತು ಮಿಣುಕಿತು. ಛಾಯಾಗ್ರಾಹಕ ಸ್ಟೂಲಿನಿಂದ ಇಳಿದ.

ಹೇಳಿಕೆ ಹೊರಡಲಿಲ್ಲ. ಅಧ್ಯಕ್ಷರು 'ಮುಂದೂಡಲಾಗಿದೆ' ಎಂದು ಎದ್ದುಹೋದರು. ಯುದ್ಧವೇನೂ ನಿಲ್ಲಲಿಲ್ಲ, ಆ ಪ್ರಸ್ತಾವವೂ ಸಾಯಲಿಲ್ಲ, ಬೇರೆ ಊರಿನ ಬೇರೆ ಹೋಟೆಲಿಗೆ ಹೋಗಿರಬೇಕು. ಆ ದಿನ ಆ ಕಾಗದದ ಮೇಲೆ ಒಂದು ಸುಳ್ಳು ಬೀಳಲಿಲ್ಲ, ಅಷ್ಟೆ.

ಸಂಯೋಜಕ ಬಂದು ಕೂಗಾಡಿ ಸುಸ್ತಾದ ಮೇಲೆ ಸಭೆಯ ರೆಕಾರ್ಡಿಂಗ್ ಬೇಕೆಂದ. ಆ ಐವರ ಭಾಗ ತೆಗೆದುಹಾಕಿ ಕೊಡು ಎಂದ.

"ಸಭೆಯಲ್ಲಿ ಆದದ್ದೆಲ್ಲ ಇದರಲ್ಲಿದೆ," ಎಂದು ಮೆಮೊರಿ ಕಾರ್ಡನ್ನು ಅವನ ಕೈಗಿಟ್ಟೆ. "ಕತ್ತರಿಸುವುದಿದ್ದರೆ ನೀವೇ ಕತ್ತರಿಸಿ. ನನ್ನ ಕತ್ತರಿ ಮನೆಯಲ್ಲಿದೆ."

ರಿಸೀವರ್ ಮರಳಿಸಲು ಸಂಸದೆ ಕೊನೆಯಲ್ಲಿ ಬಂದರು. ಬ್ಯಾಡ್ಜ್ ಕೊಟ್ಟೆ. ಅವರು ರಿಸೀವರಿನ ಗುಂಡಿಯನ್ನು ತೋರಿಸಿ, "ಐದು," ಎಂದರು. ಕೃತಜ್ಞತೆ ಎಂದೇನೂ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ, ಅವರದ್ದನ್ನು ಅವರಿಗೆ ಕೊಟ್ಟದ್ದು ಒಂದು ದಿನ ತಡವಾಗಿ.

ಮರುದಿನ ಕಫೀಲ್ ಕರೆಸಿದರು. ಹೆಚ್ಚು ಮಾತಿನವರಲ್ಲ. ಕರಾರು ತೆಗೆದು ಓದಿದರು.

"ಐದು ಎಂದಿದೆ. ನಾಲ್ಕು ಮಾಡಿದ್ದು ಯಾರು?"

"ನಾನು."

"ಮೈಕು ತೆರೆದದ್ದು?"

"ಅದೂ ನಾನು. ಬೇಡವೆಂದಿದ್ದರು, ತೆರೆದೆ."

"ನನ್ನ ತಾಯಿಯ ಊರು ಗಡಿಯಂಚಿನ ಅಲ್ ಖಫ್ಜಿ. ನಾನು ಶಾಲೆಯಲ್ಲಿದ್ದಾಗ ಗಡಿ ದಾಟಿ ಸೈನ್ಯ ಬಂತು. ಎರಡು ದಿನ ಅಷ್ಟೇ ಇದ್ದದ್ದು. ನನ್ನ ಅಜ್ಜಿ ಮನೆಯ ಬೀಗದ ಕೈ ಕೊರಳಿಗೆ ಕಟ್ಟಿಕೊಂಡು ಊರು ಬಿಟ್ಟಿದ್ದಳು. ವಾಪಸು ಹೋದ ಮೇಲೂ ಅದನ್ನು ಬಿಚ್ಚಲಿಲ್ಲ." ಕರಾರನ್ನು ಮಡಚಿಟ್ಟರು. "ಆ ಸಂಸ್ಥೆ ನಿನ್ನನ್ನು ಮತ್ತೆ ಕಾಣಬಾರದು ಎಂದಿದೆ. ಖಫ್ಜಿಯಲ್ಲಿ ತೈಲ ಬಾವಿಯ ಕೆಲಸಗಾರರ ಸುರಕ್ಷತಾ ಸಭೆಗಳಿವೆ. ಮೂರು ತಿಂಗಳು ಹೋಗು. ಇಕಾಮಾ ಇಲ್ಲಿ ಮಾಡಿಸುತ್ತೇನೆ. ಯಲ್ಲಾ, ಹೊರಡು."

ದೇಶದ ಈ ತುದಿಯಿಂದ ಆ ತುದಿಗೆ. ಶಿಕ್ಷೆಯೋ ಇನಾಮೋ ನಾನು ಕೇಳಲಿಲ್ಲ. ಪುತ್ತೂರಿನವನನ್ನೂ ಕಳಿಸಿದರು. ಕೇಬಲ್ ಸುತ್ತಿದ ಸುದ್ದಿ ಅವರಿಗೂ ಮುಟ್ಟಿತ್ತು ಕಾಣುತ್ತದೆ.

ಖಫ್ಜಿಯ ಮೊದಲ ಸಭೆಯ ಹಿಂದಿನ ದಿನ ಅಲ್ಲಿನ ಸುರಕ್ಷತಾ ಮ್ಯಾನೇಜರ್ ಪಟ್ಟಿ ಕಳಿಸಿದ್ದ. ವಿಷಾನಿಲ ಸೋರಿದರೆ ಯಾವ ಕಡೆ ಓಡಬೇಕೆಂಬ ಪಾಠ. ಇನ್ನೂರು ಜನ ಕೆಲಸಗಾರರು. ಪಟ್ಟಿಯಲ್ಲಿ ಎರಡೇ ಭಾಷೆ, ಅರಬ್ಬಿ ಮತ್ತು ಹಿಂದಿ. ಪುತ್ತೂರಿನವನು ಪಟ್ಟಿ ಹಿಡಿದು ನನ್ನ ಮುಖ ನೋಡಿದ. ಮ್ಯಾನೇಜರಿಗೆ ಫೋನ್ ಮಾಡಿದೆ.

"ಅವರಿಗೆಲ್ಲ ಹಿಂದಿ ಬರುತ್ತದಪ್ಪಾ, ಎರಡು ಬೂತ್ ಸಾಕು," ಎಂದ. "ನಿನಗೇನಾದರೂ ತೊಂದರೆ ಇದೆಯಾ?"

"ಇದೆ," ಎಂದೆ. ಫೋನ್ ಇಟ್ಟು, ಪೆನ್ನು ಕಿಸೆಗೆ ಹಾಕಿಕೊಂಡು, ಕೆಲಸಗಾರರು ಊಟಕ್ಕೆ ಸಾಲು ನಿಂತಿದ್ದ ಮೆಸ್ಸಿನ ಕಡೆ ನಡೆದೆ. ಸಾಲಿನ ಮೊದಲಲ್ಲಿ ತಟ್ಟೆ ಹಿಡಿದು ನಿಂತವನ ಹತ್ತಿರ ಹೋಗಿ ಕೇಳಿದೆ: "ನಾಳೆಯ ಪಾಠ ನಿಮಗೆ ಯಾವ ಭಾಷೆಯಲ್ಲಿ ಬೇಕು?"